ಕಲ್ಲು ಕೊಯ್ಯುವ ಹಲ್ಲಿಗೆ ಸಾಣೆ, ಎದೆಗೆ ಯಾರು ಕಾವಲು?

ಕೋರೆಗೂ ವರ್ಕ್‌ಶಾಪಿಗೂ ನಡುವೆ ಓಡಾಡುವ ‘ವಿಡಿಯಾ’ ತುಂಡಿನ ಕತೆ * ಸವೆದ ಹಲ್ಲಿಗೆ ಲೆಕ್ಕ ಇದೆ, ಹಾರಿದ ಧೂಳಿಗೆ ಲೆಕ್ಕವಿಲ್ಲ

ಕಾಸರಗೋಡು: ಗಡಿನಾಡಿನಲ್ಲಿ ಮನೆ ಕಟ್ಟುವುದೆಂದರೆ ಮೊದಲು ಕೆಂಪುಕಲ್ಲಿನ ಮಾತು. ಎಷ್ಟು ಲೋಡು ಬೇಕು, ಯಾವ ಕೋರೆಯ ಕಲ್ಲು ಗಟ್ಟಿ, ಮಳೆ ಹಿಡಿಯುವ ಮುಂಚೆ ಅಂಗಳಕ್ಕೆ ಬಂದು ಬೀಳುತ್ತದೋ ಇಲ್ಲವೋ ಎಂಬುದೇ ಚಿಂತೆ. ಆದರೆ ಆ ಕಲ್ಲನ್ನು ಕೊಯ್ಯುವ ಗರಗಸದ ಹಲ್ಲಿನ ಬಗ್ಗೆ ವಿಚಾರಿಸುವವರು ಯಾರೂ ಇಲ್ಲ. ಬೆರಳ ತುದಿಯಲ್ಲಿ ಹಿಡಿಯಬಹುದಾದ ಆ ಪುಟ್ಟ ಹಲ್ಲುಗಳು ಸವೆದರೆ ಕೋರೆಯ ಮಿಶನ್ ನಿಲ್ಲುತ್ತದೆ, ಲಾರಿ ಕಾಯುತ್ತದೆ, ಎಲ್ಲೋ ಒಂದು ಮನೆಯ ಗೋಡೆ ಅರ್ಧಕ್ಕೆ ನಿಲ್ಲುತ್ತದೆ.

ಸವೆದ ಹಲ್ಲನ್ನು ಕಿತ್ತು, ಹೊಸದನ್ನು ಕೂರಿಸಿ, ಚೂಪು ಮಾಡಿ ಕೊಡುವುದು ಪೇಟೆಯಂಚಿನ ಸಣ್ಣ ವರ್ಕ್‌ಶಾಪುಗಳ ಕೆಲಸ. ಶೀಟಿನ ಮಾಡು, ಒಂದೆರಡು ಬೆಂಚ್ ಗ್ರೈಂಡರ್, ಗ್ಯಾಸ್ ಸಿಲಿಂಡರು, ಇಬ್ಬರೋ ಮೂವರೋ ಕೆಲಸದವರು. ಅಲ್ಲಿಗೆ ಬರುವ ಗಿರಾಕಿಯ ಮಾತು ಚುಟುಕು: ಹಲ್ಲು ಹೋಯ್ತು, ಸಂಜೆಯೊಳಗೆ ಬೇಕು. ಮಾತು ತುಳುವಿನಲ್ಲಿರಬಹುದು, ಕನ್ನಡದಲ್ಲಿರಬಹುದು, ಮಲಯಾಳದಲ್ಲಿರಬಹುದು. ಅವಸರ ಮಾತ್ರ ಎಲ್ಲದರಲ್ಲೂ ಒಂದೇ.

ಈ ಅವಸರದ ನಡುವೆ ಮರೆತುಹೋಗುವ ಪ್ರಶ್ನೆಯೊಂದಿದೆ. ಕಬ್ಬಿಣಕ್ಕಿಂತ ಗಟ್ಟಿಯಾದ ಹಲ್ಲನ್ನೇ ತೇದು ಪುಡಿ ಮಾಡುವ ಕಡೆ, ಆ ಪುಡಿ ಹೋಗುವುದು ಎಲ್ಲಿಗೆ?

ಕಲ್ಲು ಮೆದು, ಆದರೂ ಹಲ್ಲು ತಿನ್ನುತ್ತದೆ

ಕೆಂಪುಕಲ್ಲಿಗೆ ಈ ಕರಾವಳಿಯಲ್ಲಿ ಹೆಸರು ಹಲವು. ತುಳುವರಿಗೆ ಮುರಕಲ್ಲು, ಮಲಯಾಳದಲ್ಲಿ ಚೆಂಗಲ್ಲು. ಹಾಗೇ ಉತ್ತರಕ್ಕೆ ಹೋದರೆ ರತ್ನಾಗಿರಿ, ಸಿಂಧುದುರ್ಗದ ಮರಾಠಿಯಲ್ಲಿ ಜಾಂಭಾ. ಕೊಯ್ದು ತೆಗೆದ ಕಲ್ಲಿಗೆ ಅಲ್ಲಿ ಚಿರಾ ಅನ್ನುತ್ತಾರೆ. ಲೋಕಕ್ಕೆಲ್ಲ ಗೊತ್ತಿರುವ ‘ಲ್ಯಾಟರೈಟ್’ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದ ದಕ್ಷಿಣಕ್ಕೆ, ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಆ ಹೆಸರು ಕೊಟ್ಟರು. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನೆಲದಲ್ಲಿದ್ದಾಗ ಕಬ್ಬಿಣದ ಹತಾರಕ್ಕೆ ಬಗ್ಗುವ ಈ ಕಲ್ಲು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ ಎಂಬುದನ್ನು ಅವರು ಆಗಲೇ ಗಮನಿಸಿದ್ದರು.

ಅದು ಇಲ್ಲಿನವರಿಗೆ ಹೊಸ ವಿಷಯವೇನಲ್ಲ. ಸುಮಾರು 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಇದೇ ಕಲ್ಲಿನದ್ದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿ ನೀರು ಹರಿಸಿದ ಕಾಸರಗೋಡಿನ ಸುರಂಗಗಳೂ ಇದೇ ಕಲ್ಲಿನೊಳಗೆ, ಪಿಕ್ಕಾಸಿನಿಂದ ತೋಡಿದವು.

ಪಿಕ್ಕಾಸಿಗೆ ಬಗ್ಗುವ ಕಲ್ಲು ಮಿಶನಿನ ಹಲ್ಲನ್ನು ಯಾಕೆ ತಿನ್ನಬೇಕು? ಉತ್ತರ ತಿಳಿಯಲು ಅಂಗಡಿಯ ಭರಣಿಯಲ್ಲಿರುವ ನೆಲಗಡಲೆ ಚಿಕ್ಕಿಯನ್ನು ನೆನೆಸಿಕೊಂಡರೆ ಸಾಕು. ಬೆಲ್ಲ ಒಂದು, ಅದರಲ್ಲಿ ಹುದುಗಿದ ಕಡಲೆ ಇನ್ನೊಂದು. ಕೆಂಪುಕಲ್ಲಿನಲ್ಲಿ ಜೇಡಿಯಂಥ ಮಣ್ಣು ಮತ್ತು ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡು ಬೆಲ್ಲದ ಜಾಗದಲ್ಲಿ. ಅದರೊಳಗೆ ಸಿಕ್ಕಿಕೊಂಡ ಬೆಣಚುಕಲ್ಲಿನ ಹರಳುಗಳು ಕಡಲೆಯ ಜಾಗದಲ್ಲಿ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7. ಒಳ್ಳೆಯ ಅರದ ಉಕ್ಕು 6.5ರ ಆಸುಪಾಸು. ಅಂದರೆ ಕಲ್ಲು ಒಟ್ಟಿನಲ್ಲಿ ಮೆದುವಾದರೂ ಅದರೊಳಗಿನ ಕಾಳು ಉಕ್ಕಿಗಿಂತ ಗಡಸು. ಗರಗಸ ತಿರುಗುವಾಗ ಸಾವಿರಾರು ಹರಳುಗಳು ಹಲ್ಲನ್ನು ಗೀರುತ್ತಲೇ ಇರುತ್ತವೆ. ಹರಳಿನ ಪ್ರಮಾಣ ಗುಡ್ಡದಿಂದ ಗುಡ್ಡಕ್ಕೆ ಬೇರೆ. ಹಾಗಾಗಿ ಒಂದೇ ಬ್ಲೇಡು ಒಂದು ಕೋರೆಯಲ್ಲಿ ಬಾಳಿದಷ್ಟು ಇನ್ನೊಂದರಲ್ಲಿ ಬಾಳುವುದಿಲ್ಲ.

‘ವಿಡಿಯಾ’ ಅಂದರೆ ವಜ್ರದ ಹಾಗೆ

ಬರೀ ಉಕ್ಕಿನ ಹಲ್ಲು ಈ ಕೆಲಸಕ್ಕೆ ಬಾಳುವುದಿಲ್ಲ. ಅದಕ್ಕೇ ಉಕ್ಕಿನ ಬ್ಲೇಡಿನ ಅಂಚಿಗೆ ಟಂಗ್‌ಸ್ಟನ್ ಕಾರ್ಬೈಡಿನ ತುಂಡುಗಳನ್ನು ಬೆಸೆಯುತ್ತಾರೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಆ ಉದ್ದ ಹೆಸರು ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ‘ವಿಡಿಯಾ’.

ಈ ಹೆಸರಿಗೊಂದು ಹಿನ್ನೆಲೆ ಇದೆ. ನೂರು ವರ್ಷಗಳ ಹಿಂದೆ ಜರ್ಮನಿಯ ಒಸ್ರಾಂ ಕಂಪೆನಿ ವಿದ್ಯುತ್ ಬಲ್ಬಿಗಾಗಿ ಟಂಗ್‌ಸ್ಟನ್ ತಂತಿ ಎಳೆಯುತ್ತಿತ್ತು. ತಂತಿ ಎಳೆಯುವ ಅಚ್ಚಿಗೆ ವಜ್ರವೇ ಬೇಕಾಗುತ್ತಿತ್ತು, ಖರ್ಚು ಹೆಚ್ಚು. ಬದಲಿಗೆ ಬೇರೇನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಸೇರಿಸಿ ಕಾಯಿಸುವ ವಿಧಾನ ಕಂಡುಹಿಡಿದರು. ಕ್ರುಪ್ ಕಂಪೆನಿ ಅದನ್ನು 1920ರ ದಶಕದ ಕೊನೆಯ ಭಾಗದಲ್ಲಿ ‘ವಿಡಿಯಾ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಜರ್ಮನ್ ಭಾಷೆಯ ‘ವೀ ಡಿಯಾಮಾಂಟ್’ ಎಂಬುದರ ಗಿಡ್ಡ ರೂಪ ಅದು. ಅರ್ಥ, ವಜ್ರದ ಹಾಗೆ. 1964ರಲ್ಲಿ ವಿಡಿಯಾ ಇಂಡಿಯಾ ಕಂಪೆನಿ ಬೆಂಗಳೂರಿನಲ್ಲಿ ಶುರುವಾಯಿತು. 2002ರಲ್ಲಿ ವಿಡಿಯಾವನ್ನು ಅಮೆರಿಕದ ಕೆನ್ನಾಮೆಟಲ್ ಕೊಂಡಿತು. ತುಮಕೂರು ರಸ್ತೆಯ ಕಾರ್ಖಾನೆಯ ಹೆಸರೂ ಆಮೇಲೆ ಬದಲಾಯಿತು. ಆದರೆ ವರ್ಕ್‌ಶಾಪಿನವರ ನಾಲಗೆಯಲ್ಲಿ ಹಳೆಯ ಹೆಸರೇ ಉಳಿಯಿತು.

ಸ್ವಾರಸ್ಯವೆಂದರೆ ವಿಡಿಯಾ ತುಂಡು ಕೂಡ ಚಿಕ್ಕಿಯ ಜಾತಿಯದ್ದೇ. ಕಾರ್ಬೈಡಿನ ಕಾಳುಗಳು ಕಡಲೆ, ಕೋಬಾಲ್ಟ್ ಬೆಲ್ಲ. ಟಂಗ್‌ಸ್ಟನ್ ಕರಗಬೇಕಾದರೆ 3422 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದು ಸಾಮಾನ್ಯ ಕುಲುಮೆಯಲ್ಲಿ ಆಗುವ ಮಾತಲ್ಲ. ಅದಕ್ಕೇ ಪುಡಿಯನ್ನು ಅಚ್ಚಿನಲ್ಲಿ ಒತ್ತಿ 1400 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಕೋಬಾಲ್ಟ್ ಕರಗಿ ಕಾಳುಗಳನ್ನು ಅಂಟಿಸುತ್ತದೆ. ಹೀಗೆ ಹುಟ್ಟಿದ ತುಂಡಿನ ಗಡಸುತನ 9ರ ಹತ್ತಿರ. ಅಂಗೈಯಲ್ಲಿಟ್ಟರೆ ಅದೇ ಗಾತ್ರದ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೆ ಗುಣ ಪಿಂಗಾಣಿಯದ್ದು. ಗೀರಿದರೆ ಜಗ್ಗುವುದಿಲ್ಲ, ಕಲ್ಲು ಹಾಸಿನ ಮೇಲೆ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ.

ಬೆಲೆಯೂ ಹಾಗೆಯೇ. ಕೇಂದ್ರ ಸರಕಾರ 2023ರಲ್ಲಿ ದೇಶಕ್ಕೆ ಅತ್ಯಗತ್ಯವೆಂದು ಪಟ್ಟಿ ಮಾಡಿದ 30 ಖನಿಜಗಳಲ್ಲಿ ಟಂಗ್‌ಸ್ಟನ್, ಕೋಬಾಲ್ಟ್ ಎರಡೂ ಇವೆ. ಮುರಿದ ವಿಡಿಯಾ ತುಂಡನ್ನು ಅನುಭವಸ್ಥರು ಕಬ್ಬಿಣದ ಗುಜರಿಗೆ ಸೇರಿಸುವುದಿಲ್ಲ. ಡಬ್ಬಿಯಲ್ಲಿ ಬೇರೆಯೇ ಹಾಕಿಟ್ಟು ಬೇರೆ ರೇಟಿಗೆ ಕೊಡುತ್ತಾರೆ.

ಬೆಸುಗೆಗೆ ತಾಳ್ಮೆ, ಸಾಣೆಗೆ ಕಿವಿ

ಹಲ್ಲು ಕೂರಿಸುವುದರಲ್ಲಿ ಮೊದಲ ಕೆಲಸ ಬ್ಲೇಡು ಸ್ವಚ್ಛ ಮಾಡುವುದು. ಕೋರೆಯಿಂದ ಬಂದ ಬ್ಲೇಡಿಗೆ ಕೆಂಪು ಮಣ್ಣು ಮೆತ್ತಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಹಳೆಯ ಹಲ್ಲನ್ನು ಕಾಯಿಸಿ ಕಿತ್ತು, ಕೂರುವ ಜಾಗ ಹೊಳೆಯುವಂತೆ ಮಾಡಬೇಕು. ಆಮೇಲೆ ಫ್ಲಕ್ಸ್ ಹಚ್ಚಿ, ಬೆಳ್ಳಿ ಬೆರೆತ ಬೆಸುಗೆ ಕಡ್ಡಿ ಹಿಡಿದು ಗ್ಯಾಸಿನ ಜ್ವಾಲೆ ಕೊಡುತ್ತಾರೆ. ಸುಮಾರು 700 ಡಿಗ್ರಿಯ ಹೊತ್ತಿಗೆ ಬೆಸುಗೆ ನೀರಾಗಿ ಸಂದಿಗೆ ಹರಿಯುತ್ತದೆ.

ಇಲ್ಲಿ ಅವಸರ ಮಾಡಿದರೆ ಕೆಟ್ಟಿತು. ಬಿಸಿಯಾದಾಗ ಉಕ್ಕು ಹಿಗ್ಗುವಷ್ಟರಲ್ಲಿ ವಿಡಿಯಾ ಹಿಗ್ಗುವುದು ಅರ್ಧದಷ್ಟೇ. ತಣಿಯುವಾಗ ಉಕ್ಕು ಹೆಚ್ಚು ಕುಗ್ಗುತ್ತದೆ, ವಿಡಿಯಾ ಕಡಿಮೆ. ಹೊತ್ತಾಯಿತೆಂದು ನೀರಿಗೆ ಅದ್ದಿದರೆ ಈ ಎಳೆದಾಟಕ್ಕೆ ಹಲ್ಲಿನಲ್ಲಿ ಕೂದಲೆಳೆಯ ಬಿರುಕು. ಕಣ್ಣಿಗೆ ಕಾಣದು. ಮರುದಿನ ಕೋರೆಯಲ್ಲಿ ಬ್ಲೇಡು ತಿರುಗುವಾಗ ಹಲ್ಲು ಹಾರಿದರೆ, ಎದುರಿಗಿದ್ದವನ ಕಣ್ಣಿಗೂ ಆಪತ್ತು. ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹುಗಿದಿಟ್ಟು ನಿಧಾನಕ್ಕೆ ತಣಿಸುವುದು ಇದೇ ಕಾರಣಕ್ಕೆ.

ಮುಂದಿನದು ಸಾಣೆ. ಕಬ್ಬಿಣ ಸಾಣೆ ಹಿಡಿಯುವ ಬೂದು ಬಣ್ಣದ ಕಲ್ಲು ವಿಡಿಯಾದ ಎದುರು ನಡೆಯದು, ಕಲ್ಲೇ ಸವೆಯುತ್ತದೆ. ಇದಕ್ಕೆ ಬೇಕಾದದ್ದು ಸಿಲಿಕಾನ್ ಕಾರ್ಬೈಡಿನ ಹಸಿರು ಕಲ್ಲು, ಇಲ್ಲವೇ ವಜ್ರದ ಪುಡಿ ಕೂರಿಸಿದ ಡೈಮಂಡ್ ವೀಲ್. ಹೊಸಬರಿಗೆ ತಲೆಕೆಳಗಾಗಿ ಕಾಣುವ ಲೆಕ್ಕವೊಂದು ಇಲ್ಲಿದೆ: ಗಡಸು ವಸ್ತುವಿಗೆ ಮೆದು ಕಲ್ಲು, ಮೆದು ವಸ್ತುವಿಗೆ ಗಡಸು ಕಲ್ಲು. ಯಾಕೆಂದರೆ ಸಾಣೆಕಲ್ಲೂ ಕಾಳು-ಅಂಟಿನ ಚಿಕ್ಕಿಯೇ. ಗಡಸು ವಿಡಿಯಾ ಉಜ್ಜುವಾಗ ಕಲ್ಲಿನ ಕಾಳು ಬೇಗ ಮೊಂಡಾಗುತ್ತದೆ. ಅಂಟು ಮೆದುವಾಗಿದ್ದರೆ ಮೊಂಡಾದ ಕಾಳು ಉದುರಿ ಒಳಗಿನ ಚೂಪು ಕಾಳು ಮೇಲೆ ಬರುತ್ತದೆ. ಅಂಟು ಗಟ್ಟಿಯಿದ್ದರೆ ಮೊಂಡು ಕಾಳು ಬಿಡುವುದೇ ಇಲ್ಲ. ಕಲ್ಲಿನ ಮೈ ಗಾಜಿನಂತೆ ಹೊಳೆಯುತ್ತದೆ, ಕೊಯ್ಯುವ ಬದಲು ಬಿಸಿ ಮಾಡುತ್ತದೆ. ಕಲ್ಲು ಹೊಳೆದರೆ ಅದರ ಮೈ ಕೆರೆದು ಮತ್ತೆ ಒರಟು ಮಾಡಲೇಬೇಕು.

ಡೈಮಂಡ್ ವೀಲಿಗೆ ಉಕ್ಕು ತಾಗಿಸಬಾರದು ಎಂಬುದು ಇನ್ನೊಂದು ಪಾಠ. ವಜ್ರವೆಂದರೆ ಇಂಗಾಲ. ಬಿಸಿ ಕಬ್ಬಿಣ ಇಂಗಾಲವನ್ನು ಎಳೆದುಕೊಳ್ಳುತ್ತದೆ. ದುಬಾರಿ ವೀಲು ಬೇಗ ಮುಗಿಯುತ್ತದೆ. ನೀರಿನ ವಿಷಯದಲ್ಲೂ ನೇಮವಿದೆ. ಸುರಿಸಿದರೆ ಧಾರೆಯಾಗಿ ಸುರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಬೇಡ. ಕೆಂಪಗೆ ಕಾದ ತುಂಡನ್ನು ಆಗಾಗ ಬಕೆಟಿಗೆ ಅದ್ದಿದರೆ ಮತ್ತದೇ ಬಿರುಕು. ಸಾಣೆಕಲ್ಲನ್ನು ಮಿಶನಿಗೆ ಹಾಕುವ ಮೊದಲು ಮರದ ಹಿಡಿಯಿಂದ ಮೆಲ್ಲ ತಟ್ಟಿ ಕೇಳುತ್ತಾರೆ. ಗಂಟೆಯಂತೆ ಟಣ್ ಅಂದರೆ ಸರಿ. ಸದ್ದು ಬೋಳಾಗಿ ಬಂದರೆ ಒಳಗೆ ಬಿರುಕಿದೆ, ಆ ಕಲ್ಲನ್ನು ತಿರುಗಿಸಲೇಬಾರದು.

ಇಷ್ಟೆಲ್ಲ ವಿದ್ಯೆ ಬೇಕಾದ ಕೆಲಸ ಇದು. ಹಲ್ಲು ಉಳಿಸುವ ವಿದ್ಯೆ ಹುಡುಗರಿಗೆ ವರ್ಷಗಟ್ಟಲೆ ನೋಡಿ ನೋಡಿ ಬರುತ್ತದೆ. ಉಸಿರು ಉಳಿಸುವ ವಿದ್ಯೆಯನ್ನು ಕಲಿಸುವವರು ಕಡಿಮೆ.

ಕಣ್ಣಿಗೆ ಕಾಣುವ ಧೂಳಲ್ಲ, ಕಾಣದ್ದೇ ಅಪಾಯ

ಮೂಗಿಗೆ ಬೈರಾಸು ಕಟ್ಟಿಕೊಂಡರೆ ಸಾಕು ಎಂಬ ನಂಬಿಕೆ ಕೋರೆಯಲ್ಲೂ ಇದೆ, ವರ್ಕ್‌ಶಾಪಿನಲ್ಲೂ ಇದೆ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಬಟ್ಟೆ ತಡೆಯಬಹುದು. ಆದರೆ ದಪ್ಪ ಧೂಳು ಮೂಗು, ಗಂಟಲಲ್ಲೇ ನಿಂತು ಸಿಂಬಳ, ಕಫವಾಗಿ ಹೊರಬರುತ್ತದೆ. ಶ್ವಾಸಕೋಶದ ತಳಕ್ಕೆ ಇಳಿಯುವುದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ಸಣ್ಣ ಕಣ. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ಬಟ್ಟೆಯ ನೂಲಿನ ಸಂದಿ ಅದಕ್ಕೆ ಹೆಬ್ಬಾಗಿಲು.

ಬೆಣಚಿನ ಇಂಥ ಕಣ ಒಳಗೆ ಸೇರಿದರೆ ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ಅದರ ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಕಾಲ ಧೂಳು ಕುಡಿದ ಮೇಲೆ ಕಾಣಿಸುತ್ತದೆ. ಧೂಳು ವಿಪರೀತವಿದ್ದರೆ ಬೇಗ. ಒಮ್ಮೆ ಬಂದರೆ ವಾಸಿ ಮಾಡುವ ಮದ್ದಿಲ್ಲ, ಕೆಲಸ ಬಿಟ್ಟರೂ ಕೆಲವರಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಕ್ಷಯ ತಗಲುವ ಸಂಭವವೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಧೂಳನ್ನು 1997ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ವಿಡಿಯಾ ಸಾಣೆಯ ಧೂಳಿನದ್ದು ಬೇರೆಯೇ ಕತೆ. ಇಲ್ಲಿ ಕಾಟ ಕೊಡುವುದು ಮುಖ್ಯವಾಗಿ ಅಂಟಾಗಿರುವ ಕೋಬಾಲ್ಟ್. ಕೆಲವರಿಗೆ ಅದು ಮೈಗೆ ಆಗುವುದಿಲ್ಲ. ಚರ್ಮದಲ್ಲಿ ತುರಿಕೆ, ಕೆಲಸದ ದಿನಗಳಲ್ಲಿ ದಮ್ಮು, ರಜೆಯಲ್ಲಿ ಕಡಿಮೆ. ಮುಂದುವರಿದರೆ ಶ್ವಾಸಕೋಶವೇ ಗಡುಸಾಗುತ್ತದೆ. ಜರ್ಮನಿಯ ವೈದ್ಯರು 1940ರಲ್ಲೇ ಇದನ್ನು ಗುರುತಿಸಿದ್ದರು. ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಕೂಡಿದ ಧೂಳಿಗೆ 2006ರಲ್ಲಿ ‘ಕ್ಯಾನ್ಸರ್ ತರುವ ಸಂಭವ ಇದೆ’ ಎಂಬ ಗುಂಪಿನಲ್ಲಿ ಜಾಗ ಸಿಕ್ಕಿತು. ಬೆಸುಗೆ ಕಡ್ಡಿಯಲ್ಲಿ ಕ್ಯಾಡ್ಮಿಯಂ ಬೆರೆತಿದ್ದರೆ ಅದರ ಹೊಗೆಯೂ ವಿಷ. ಕುಡಿದ ಕೂಡಲೇ ಗೊತ್ತಾಗದೆ ಕೆಲ ಗಂಟೆಗಳ ನಂತರ ಜ್ವರ, ಎದೆ ಹಿಡಿತವಾಗಿ ಕಾಣಿಸುತ್ತದೆ, ಹೆಚ್ಚಾದರೆ ಜೀವಕ್ಕೇ ಸಂಚಕಾರ. ಕ್ಯಾಡ್ಮಿಯಂ ಇಲ್ಲದ ಕಡ್ಡಿ ಪೇಟೆಯಲ್ಲಿ ಸಿಗುತ್ತದೆ. ಕೇಳಿ ತರಬೇಕು ಅಷ್ಟೇ.

ಗಡಿ ದಾಟುವಾಗ ಧೂಳಿನ ಕತೆ ಕಳೆದುಹೋಗುತ್ತದೆ

ಗಡಿನಾಡಿನಲ್ಲಿ ಈ ಸಂಕಟಕ್ಕೆ ಇನ್ನೊಂದು ಮಗ್ಗುಲಿದೆ. ಕೆಲಸ ಕೇರಳದಲ್ಲಿ, ಎದೆನೋವು ಬಂದರೆ ಓಡುವುದು ಮಂಗಳೂರಿಗೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದೇ 2013ರಲ್ಲಿ. ಜಿಲ್ಲೆಯ ಉತ್ತರ ಭಾಗದ ಜನರಿಗೆ ಅದಕ್ಕೂ ಮೊದಲಿನಿಂದ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಗಡಿ ರಸ್ತೆಗಳು ಮುಚ್ಚಿದಾಗ ಈ ನಂಟು ಎಷ್ಟು ಗಟ್ಟಿ ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು.

ಆಸ್ಪತ್ರೆಗೆ ಹೋದವರು ಕೆಮ್ಮು ಹೇಳುತ್ತಾರೆ, ಉಬ್ಬಸ ಹೇಳುತ್ತಾರೆ, ಬೀಡಿ ಸೇದುತ್ತೀರಾ ಅಂದರೆ ಅದನ್ನೂ ಹೇಳುತ್ತಾರೆ. ಹದಿನೈದು ವರ್ಷ ಯಾವ ಕೆಲಸ ಮಾಡಿದಿರಿ ಎಂಬುದು ಬಾಯಿಗೆ ಬರುವುದೇ ಇಲ್ಲ. ‘ಕೂಲಿ ಕೆಲಸ’, ‘ವರ್ಕ್‌ಶಾಪ್’ ಎಂದು ಚೀಟಿಯಲ್ಲಿ ಬರೆದರೆ ಮುಗಿಯಿತು. ಸಿಲಿಕೋಸಿಸ್‌ನ ಎಕ್ಸ್‌ರೇ ಕ್ಷಯದ ಎಕ್ಸ್‌ರೇಯಂತೆಯೇ ಕಾಣಬಹುದು. ಧೂಳಿನ ಸುದ್ದಿ ಗೊತ್ತಿಲ್ಲದಿದ್ದರೆ ಕ್ಷಯಕ್ಕೆ ಮದ್ದು ಕೊಟ್ಟು ಕಳಿಸುವ ಸಾಧ್ಯತೆ ಹೆಚ್ಚು. ಮದ್ದು ಮುಗಿಸಿದವನು ಮತ್ತೆ ಅದೇ ಗ್ರೈಂಡರಿನ ಮುಂದೆ ಬಂದು ಕೂರುತ್ತಾನೆ.

ಕಾನೂನಿನ ನೆರಳೂ ಇಲ್ಲಿಗೆ ತಲುಪುವುದು ಕಷ್ಟ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸನ್ನು ವೈದ್ಯರು ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆದರೆ ಕರೆಂಟು ಬಳಸುವ ಕಡೆ 10 ಜನ ಕೆಲಸದವರಿದ್ದರೆ ಮಾತ್ರ ಅದು ಕಾರ್ಖಾನೆ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸುರಕ್ಷಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಇಬ್ಬರು ಮೂವರು ದುಡಿಯುವ ಶೀಟಿನ ಮಾಡು ಎರಡು ಲೆಕ್ಕಕ್ಕೂ ಸಿಗುವುದಿಲ್ಲ. ಅಲ್ಲಿ ಧಣಿಯೂ ಗ್ರೈಂಡರಿನ ಮುಂದೆಯೇ ಕೂರುವವನು. ಅದೇ ಧೂಳು ಅವನ ಎದೆಗೂ.

ಗಲ್ಫಿಗೆ ಹೋದವರಿಗೂ ಈ ಮಾತು

ಊರಲ್ಲಿ ಕಟ್ಟಿಂಗ್, ಗ್ರೈಂಡಿಂಗ್ ಕಲಿತ ಹುಡುಗರು ಗಲ್ಫಿನಲ್ಲೂ ಬೆಂಗಳೂರಿನಲ್ಲೂ ಅಡುಗೆಮನೆಯ ಸ್ಲ್ಯಾಬು ಕೊಯ್ಯುವ ಕೆಲಸ ಹಿಡಿಯುವುದುಂಟು. ಈಗ ಬೇಡಿಕೆಯಲ್ಲಿರುವ ‘ಕ್ವಾರ್ಟ್ಜ್ ಸ್ಲ್ಯಾಬ್’ ಬೆಣಚಿನ ಪುಡಿಯನ್ನು ರಾಳದಲ್ಲಿ ಅಂಟಿಸಿ ಮಾಡಿದ್ದು. ಬೆಣಚಿನ ಪಾಲು 90 ಶೇಕಡಾ ದಾಟುವುದೂ ಉಂಟು. ಇದನ್ನು ಒಣಗಿಯೇ ಕೊಯ್ದವರಲ್ಲಿ ಮೂವತ್ತು, ನಲವತ್ತರ ಪ್ರಾಯದಲ್ಲೇ ಸಿಲಿಕೋಸಿಸ್ ಕಂಡದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದರ ತಯಾರಿ, ಪೂರೈಕೆ, ಕೊಯ್ಯುವಿಕೆ ಎಲ್ಲವನ್ನೂ ನಿಷೇಧಿಸಿತು. ಮಗ ಪರವೂರಲ್ಲಿ ‘ಮಾರ್ಬಲ್ ಕೆಲಸ’ದಲ್ಲಿದ್ದಾನೆ ಅನ್ನುವ ಮನೆಯವರು, ಫೋನು ಮಾಡಿದಾಗ ನೀರು ಹಾಕಿ ಕೊಯ್ಯುತ್ತೀಯಾ ಎಂದು ಒಮ್ಮೆ ಕೇಳಿದರೆ ನಷ್ಟವಿಲ್ಲ.

ಮಾಡಬಹುದಾದದ್ದು ಇಷ್ಟು

* ಸಾಣೆ ಹಿಡಿಯುವಲ್ಲಿ ನೀರು ನಿರಂತರ ಬೀಳುವ ವ್ಯವಸ್ಥೆ ಇರಲಿ. ಒಂದು ಡ್ರಮ್ಮು, ಪೈಪು, ಕೆಳಗೊಂದು ತಟ್ಟೆ ಇದ್ದರೆ ಧೂಳಿನ ಹೆಚ್ಚಿನ ಪಾಲು ಕೆಸರಾಗಿ ಇಳಿಯುತ್ತದೆ. ಗ್ರೈಂಡರಿಗೆ ಕರೆಂಟು ಸೋರದಂತೆ ಅರ್ತಿಂಗ್ ಸರಿಯಿರಬೇಕು.

* ಅದೇ ನೀರನ್ನು ದಿನಗಟ್ಟಲೆ ತಿರುಗಿಸಬಾರದು. ಕೋಬಾಲ್ಟ್ ನೀರಿನಲ್ಲಿ ಸೇರುತ್ತಾ ಹೋಗುತ್ತದೆ, ತುಂತುರಾಗಿ ಮತ್ತೆ ಮೂಗಿಗೆ ಬರುತ್ತದೆ. ಕೆಸರನ್ನು ಒಣಗಲು ಬಿಡದೆ ಮುಚ್ಚಿಡಬೇಕು. ತೋಡಿಗೆ ಚೆಲ್ಲುವುದು ಸಲ್ಲ.

* ನೀರು ಆಗದ ಕಡೆ ಧೂಳು ಹುಟ್ಟುವ ಜಾಗದಲ್ಲೇ ಎಳೆದುಕೊಳ್ಳುವ ಫ್ಯಾನು, ಕೊಳವೆ ಬೇಕು. ಮಾಡಿನಲ್ಲಿ ತಿರುಗುವ ಫ್ಯಾನು ಧೂಳನ್ನು ಎಲ್ಲರಿಗೂ ಹಂಚುತ್ತದೆ, ಅಷ್ಟೇ.

* ಬೈರಾಸಿನ ಬದಲು ಎನ್-95 ಮಾಸ್ಕ್, ಮುಖಕ್ಕೆ ಸರಿಯಾಗಿ ಕೂರುವಂತೆ. ದಪ್ಪ ಗಡ್ಡವಿದ್ದರೆ ಸಂದಿಯಿಂದ ಗಾಳಿ ಹೋಗುತ್ತದೆ. ಕಣ್ಣಿಗೆ ಕನ್ನಡಕ ತಪ್ಪಿಸಬಾರದು.

* ಸಂಜೆ ಕಂಪ್ರೆಸರ್ ಗಾಳಿ ಹಿಡಿದು ಬಟ್ಟೆ, ಮೈ ಧೂಳು ಹಾರಿಸುವ ಅಭ್ಯಾಸ ಬಿಡಬೇಕು. ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು. ಕೆಲಸದ ಬಟ್ಟೆ ಅಲ್ಲೇ ಬಿಚ್ಚಿಟ್ಟು ಮನೆಗೆ ಹೋದರೆ ಮಕ್ಕಳ ಮೂಗಿಗೆ ಆ ಧೂಳು ತಲುಪದು.

* ಡಾಕ್ಟರರ ಬಳಿ ಹೋದಾಗ ಕೆಲಸದ ಹೆಸರನ್ನು ಬಿಡಿಸಿ ಹೇಳಬೇಕು: ಕೆಂಪುಕಲ್ಲು ಕೊಯ್ಯುವುದು, ವಿಡಿಯಾ ಸಾಣೆ, ಎಷ್ಟು ವರ್ಷ, ನೀರು ಹಾಕಿಯೋ ಒಣಗಿಯೋ. ಕೆಮ್ಮಿಲ್ಲದಿದ್ದರೂ ಆಗಾಗ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಮಾಡಿಸಿ ಚೀಟಿಗಳನ್ನು ಜೋಪಾನವಾಗಿ ಇಡಬೇಕು.

ಇದರಲ್ಲಿ ದೊಡ್ಡ ಖರ್ಚಿನದ್ದು ಧೂಳೆಳೆಯುವ ಫ್ಯಾನು ಒಂದೇ. ಉಳಿದದ್ದಕ್ಕೆಲ್ಲ ಬೇಕಾದದ್ದು ಹೆಚ್ಚಾಗಿ ಅಭ್ಯಾಸ. ಕೋರೆಯವರು ಬ್ಲೇಡು ಕೊಂಡುಹೋಗುವಾಗ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಎಷ್ಟು ಹಲ್ಲು ಹೊಸತು, ಎಷ್ಟು ಸಾಣೆ, ದುಡ್ಡೆಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಕೆಲಸದವರ ಹೆಸರು, ಕಳೆದ ಬಾರಿ ಎಕ್ಸ್‌ರೇ ತೆಗೆದ ತಾರೀಕು ಬರೆಯಲು ಒಂದು ಗೆರೆಯ ಜಾಗ ಸಾಕು.